ಅಂಚೆಚೀಟಿ ದರ ಬದಲಾಗುತ್ತಲೇ ಇರುವಾಗ ಕಾಗದ ಕಳಿಸುವವರು ಮಾಡಬೇಕಾದ್ದು

ಅಂಚೆ ದರವನ್ನು ಬಾಯಿಪಾಠ ಮಾಡಲು ಹೋಗಬೇಡಿ. ಬಾಯಿಗೆ ಬರುವಷ್ಟರಲ್ಲಿ ಅದು ಹಳೆಯದಾಗಿರುತ್ತದೆ. ಅಮೆರಿಕವನ್ನೇ ನೋಡಿ. ಅಲ್ಲಿ ಒಂದು ಸಾದಾ ಕಾಗದಕ್ಕೆ 2023ರ ಜನವರಿಯಲ್ಲಿ 63 ಸೆಂಟ್‌ನ ಸ್ಟ್ಯಾಂಪು ಸಾಕಿತ್ತು. ಅದೇ ವರ್ಷ ಜುಲೈಗೆ 66 ಆಯಿತು. 2024ರ ಜನವರಿಗೆ 68, ಜುಲೈಗೆ 73, 2025ರ ಜುಲೈಗೆ 78. ಭಾರತದ ಸ್ಪೀಡ್ ಪೋಸ್ಟ್ ಇದಕ್ಕೆ ತದ್ವಿರುದ್ಧ. 2012ರ ಅಕ್ಟೋಬರ್‌ನಲ್ಲಿ ಬದಲಾದ ಒಳನಾಡಿನ ದರ ಮತ್ತೆ ಬದಲಾದದ್ದು 2025ರ ಅಕ್ಟೋಬರ್ 1ಕ್ಕೆ. ಕಷ್ಟ ಎರಡರಲ್ಲೂ ಇದೆ. ಪದೇ ಪದೇ ಏರಿದರೆ ನೆನಪಿನಲ್ಲಿ ಉಳಿಯುವುದಿಲ್ಲ. ಅಪರೂಪಕ್ಕೆ ಏರಿದರೆ, ಏರಿದೆ ಅಂತಲೇ ಗೊತ್ತಾಗುವುದಿಲ್ಲ.

ಹಾಗಾಗಿ ನೆನಪಿಡಬೇಕಾದ್ದು ದರವನ್ನಲ್ಲ, ನೀವು ಕಳಿಸುವ ಕಾಗದದ ಜಾತಕವನ್ನು. ತೂಕ ಎಷ್ಟು, ಅಳತೆ ಎಷ್ಟು, ಎಲ್ಲಿಗೆ ಹೋಗಬೇಕು, ಯಾವ ಸೇವೆಯಲ್ಲಿ ಹೋಗಬೇಕು. ಈ ನಾಲ್ಕು ಗೊತ್ತಿದ್ದರೆ ಅಂದಿನ ದರಪಟ್ಟಿಯಲ್ಲಿ ಬೆರಳಿಟ್ಟು ನೋಡುವುದು ಒಂದು ನಿಮಿಷದ ಕೆಲಸ. ಗೊತ್ತಿಲ್ಲದಿದ್ದರೆ ಎಷ್ಟು ಹೊಸ ದರಪಟ್ಟಿ ಇದ್ದರೂ ಪ್ರಯೋಜನವಿಲ್ಲ.

ಮೊದಲು ತೂಗಿ, ಅಳೆಯಿರಿ

ತೂಕಕ್ಕೆ ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಅದೂ ಇಲ್ಲದಿದ್ದರೆ ಒಂದು ಲೆಕ್ಕ ಇಟ್ಟುಕೊಳ್ಳಿ. ಎ4 ಅಳತೆಯ 16 ಹಾಳೆ ಸೇರಿದರೆ ಒಂದು ಚದರ ಮೀಟರ್. ಪ್ರಿಂಟರ್‌ಗೆ ಹಾಕುವ ಕಾಗದದ ಕಟ್ಟಿನ ಮೇಲೆ 80 ಜಿಎಸ್‌ಎಂ ಅಂತ ಇದ್ದರೆ ಒಂದು ಚದರ ಮೀಟರ್ ಕಾಗದದ ತೂಕ 80 ಗ್ರಾಂ ಎಂದರ್ಥ. ಅಂದರೆ ಒಂದು ಹಾಳೆಗೆ ಸರಿಯಾಗಿ 5 ಗ್ರಾಂ. ಮೂರು ಹಾಳೆಗೆ 15 ಗ್ರಾಂ. ಮೇಲೆ ಲಕೋಟೆಯದೂ ಕೆಲವು ಗ್ರಾಂ. ಮೊದಲ ಹಂತ 20 ಗ್ರಾಂಗೆ ಮುಗಿಯುವ ದೇಶಗಳಲ್ಲಿ ಮೂರು ಹಾಳೆಯ ಕಾಗದ ಗೆರೆಯ ಅಂಚಿನಲ್ಲಿ ನಿಂತಿರುತ್ತದೆ. ಒಂದು ಫೋಟೊ ಸೇರಿಸಿದರೂ ಗೆರೆ ದಾಟುತ್ತದೆ.

ಆದ್ದರಿಂದ ತೂಗುವಾಗ ಎಲ್ಲವನ್ನೂ ಒಳಗೆ ಹಾಕಿ, ಅಂಟಿಸಿ, ಆಮೇಲೆ ತೂಗಿ. ಆಮಂತ್ರಣ ಪತ್ರಿಕೆ ಕಳಿಸುವವರು ಇದನ್ನು ಮರೆಯಲೇಬಾರದು. ಕಾರ್ಡು ಬೇರೆ, ಒಳಗಿನ ನಕ್ಷೆ ಬೇರೆ, ಉತ್ತರಕ್ಕೆ ಇಟ್ಟ ಇನ್ನೊಂದು ಲಕೋಟೆ ಬೇರೆ. ಎಲ್ಲ ಸೇರಿದ ಒಂದು ಮಾದರಿ ತಯಾರು ಮಾಡಿ ಕೌಂಟರ್‌ನಲ್ಲಿ ತೋರಿಸಿ, ಆಮೇಲೆ ಮಿಕ್ಕವಕ್ಕೆ ಸ್ಟ್ಯಾಂಪು ಕೊಳ್ಳಿ. ನೂರು ಲಕೋಟೆಗೆ ಹಚ್ಚಿ ಮುಗಿಸಿದ ಮೇಲೆ ಎರಡು ಗ್ರಾಂ ಜಾಸ್ತಿ ಅಂತ ಗೊತ್ತಾದರೆ ತಲೆ ಚಚ್ಚಿಕೊಳ್ಳಬೇಕಾಗುತ್ತದೆ.

ತೂಕದಷ್ಟೇ ಮುಖ್ಯ ಅಳತೆ. ಇದನ್ನು ತುಂಬಾ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬ್ರಿಟನ್ನಿನಲ್ಲಿ 2006ರಿಂದ ದರ ಅಳತೆಯನ್ನೂ ನೋಡುತ್ತದೆ. 24 ಸೆಂಟಿಮೀಟರ್ ಉದ್ದ, 16.5 ಸೆಂಟಿಮೀಟರ್ ಅಗಲ, 5 ಮಿಲಿಮೀಟರ್ ದಪ್ಪ, 100 ಗ್ರಾಂ ತೂಕ. ಇದರಲ್ಲಿ ಯಾವುದೇ ಒಂದನ್ನು ದಾಟಿದರೂ ಅದು ದೊಡ್ಡ ಕಾಗದ, ದರವೂ ದೊಡ್ಡದು. ಅಮೆರಿಕದಲ್ಲಿ ಚೌಕಾಕಾರದ ಲಕೋಟೆಗೆ ಹೆಚ್ಚುವರಿ ಶುಲ್ಕ ಇದೆ. ವಿಂಗಡಿಸುವ ಯಂತ್ರದಲ್ಲಿ ಅದು ಸರಿಯಾಗಿ ಸಾಗುವುದಿಲ್ಲ ಎಂಬುದು ಕಾರಣ. ಬಗ್ಗದ ಲಕೋಟೆಗೂ ಇದೇ ಗತಿ. ಅಂಗಡಿಯಲ್ಲಿ ಚೆಂದ ಕಂಡ ಚೌಕದ ಕಾರ್ಡು ಕೊಳ್ಳುವ ಮುಂಚೆ ಇದನ್ನು ಯೋಚಿಸಿ.

ದರಪಟ್ಟಿ ಓದುವ ಬಗೆ

ಅಂಚೆ ಇಲಾಖೆಯದೇ ಜಾಲತಾಣ ಅಥವಾ ಅಂಚೆ ಕಚೇರಿಯ ಗೋಡೆಯ ದರಪಟ್ಟಿ, ಇವೆರಡನ್ನು ಬಿಟ್ಟು ಬೇರೆ ಯಾವುದನ್ನೂ ಕಣ್ಣುಮುಚ್ಚಿ ನಂಬಬೇಡಿ. ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ಮೊದಲು ಕಾಣುವ ಪುಟ ಎಷ್ಟೋ ಸಲ ಎರಡು ಏರಿಕೆಯಷ್ಟು ಹಿಂದಿನದು. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ದರಪಟ್ಟಿಯ ಚಿತ್ರದ ಮೇಲೆ ದಿನಾಂಕವೇ ಇರುವುದಿಲ್ಲ.

ಪಟ್ಟಿ ಸಿಕ್ಕ ಮೇಲೆ ಮೊದಲು ನೋಡಬೇಕಾದ್ದು ದರವನ್ನಲ್ಲ, ಜಾರಿಗೆ ಬರುವ ದಿನವನ್ನು. ಎಷ್ಟೋ ಕಡೆ ದರ ಏರಿಕೆಗೆ ಮೂರು ದಿನಾಂಕ ಇರುತ್ತವೆ. ಏರಿಸುತ್ತೇವೆ ಅಂತ ಘೋಷಿಸಿದ ದಿನ, ಅದಕ್ಕೆ ಒಪ್ಪಿಗೆ ಸಿಕ್ಕ ದಿನ, ನಿಜವಾಗಿ ಜಾರಿಯಾಗುವ ದಿನ. ಪತ್ರಿಕೆಯಲ್ಲಿ ಸುದ್ದಿ ಬರುವುದು ಹೆಚ್ಚಾಗಿ ಮೊದಲನೆಯ ದಿನ. ಜನ ಅವತ್ತೇ ದರ ಏರಿತು ಅಂದುಕೊಳ್ಳುತ್ತಾರೆ. ನಮಗೆ ಬೇಕಾದ್ದು ಮೂರನೆಯದು.

ಆಮೇಲೆ, ತೆರಿಗೆ ಒಳಗಿದೆಯಾ ಹೊರಗಿದೆಯಾ ನೋಡಿ. ಭಾರತದ ಸ್ಪೀಡ್ ಪೋಸ್ಟ್ ದರಪಟ್ಟಿಯ ಅಂಕಿಗಳಿಗೆ ಜಿಎಸ್‌ಟಿ ಬೇರೆಯಾಗಿ ಸೇರುತ್ತದೆ. ಪಟ್ಟಿ ನೋಡಿ ಸರಿಯಾಗಿ ಚಿಲ್ಲರೆ ಎಣಿಸಿಕೊಂಡು ಹೋದವರು ಕೌಂಟರ್‌ನಲ್ಲಿ ಮತ್ತೆ ಜೇಬು ತಡಕಬೇಕು. ಕೆಲವು ದೇಶಗಳಲ್ಲಿ ಸ್ಟ್ಯಾಂಪು ಹಚ್ಚಿದರೆ ಒಂದು ದರ, ಆನ್‌ಲೈನ್‌ನಲ್ಲಿ ಹಣ ಕಟ್ಟಿ ಲೇಬಲ್ ಅಚ್ಚು ಹಾಕಿಕೊಂಡರೆ ಇನ್ನೊಂದು ದರ ಇರುತ್ತದೆ. ನೀವು ನೋಡುತ್ತಿರುವ ಸಾಲು ಯಾವುದು ಅಂತ ಖಚಿತ ಮಾಡಿಕೊಳ್ಳಿ.

ಪಟ್ಟಿಯನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳುವುದಾದರೆ ಮೇಲ್ಗಡೆ ದಪ್ಪಕ್ಷರದಲ್ಲಿ ಆ ದಿನದ ತಾರೀಕು ಬರೆಯಿರಿ. ಪೂರ್ತಿ ಪಟ್ಟಿ ಬೇಡ. ನೀವು ನಿಜಕ್ಕೂ ಕಳಿಸುವಂಥ ಎರಡು ಮೂರು ಸಾಲು ಸಾಕು.

ಯಾವಾಗ ಏರಬಹುದು?

ಏರಿಕೆಗೂ ಒಂದು ಹವಾಮಾನ ಇದೆ. ಅಮೆರಿಕದಲ್ಲಿ ಈಚಿನ ವರ್ಷಗಳಲ್ಲಿ ಜನವರಿ ಅಥವಾ ಜುಲೈ. ಬ್ರಿಟನ್ನಿನಲ್ಲಿ ಹೆಚ್ಚಾಗಿ ಏಪ್ರಿಲ್, ಕೆಲವು ಸಲ ಅಕ್ಟೋಬರ್. ಜರ್ಮನಿಯಲ್ಲಿ ಸಾದಾ ಕಾಗದದ ದರ 85 ಸೆಂಟ್‌ಗೆ ಏರಿದ್ದು 2022ರ ಜನವರಿ 1ಕ್ಕೆ, 95 ಸೆಂಟ್ ಆದದ್ದು 2025ರ ಜನವರಿ 1ಕ್ಕೆ. ನೀವಿರುವ ದೇಶದಲ್ಲಿ ಹಿಂದಿನ ಎರಡು ಮೂರು ಏರಿಕೆ ಯಾವ ತಿಂಗಳಲ್ಲಾಯಿತು ಅಂತ ಒಮ್ಮೆ ನೋಡಿ. ಮೊಬೈಲಿನ ಕ್ಯಾಲೆಂಡರಿನಲ್ಲಿ ಅದಕ್ಕೆ ಒಂದು ತಿಂಗಳು ಮುಂಚೆ 'ಅಂಚೆ ದರ ನೋಡು' ಅಂತ ಹಾಕಿಡಿ. ವರ್ಷದುದ್ದಕ್ಕೂ ಸುಮ್ನೆ ತಲೆ ಕೆಡಿಸಿಕೊಳ್ಳುವ ಅಗತ್ಯ ಇರುವುದಿಲ್ಲ.

ಇಷ್ಟೊಂದು ಏರುವುದು ಯಾಕೆ? ಕಾಗದ ಕಡಿಮೆಯಾಗುತ್ತಿದೆ, ಮನೆ ಜಾಸ್ತಿಯಾಗುತ್ತಿದೆ. ಪೋಸ್ಟ್‌ಮ್ಯಾನ್ ಒಂದು ಬೀದಿಗೆ ಹೋಗುವ ಖರ್ಚು, ಅಲ್ಲಿ ಹಂಚಲು ನೂರು ಕಾಗದ ಇದ್ದರೂ ಹತ್ತಿದ್ದರೂ ಹೆಚ್ಚುಕಡಿಮೆ ಒಂದೇ. ಹತ್ತೇ ಇದ್ದಾಗ ಆ ಖರ್ಚು ಹತ್ತರ ತಲೆ ಮೇಲೆ ಬೀಳುತ್ತದೆ. ದರ ಏರಿತು ಅಂತ ಇನ್ನಷ್ಟು ಜನ ಬರೆಯುವುದು ಬಿಡುತ್ತಾರೆ, ಆಗ ಮತ್ತೆ ಏರಿಸಬೇಕಾಗುತ್ತದೆ. 1840ರಲ್ಲಿ ಅಂಚೆ ಸುಧಾರಕ ರೋಲೆಂಡ್ ಹಿಲ್ ಸಲಹೆಯ ಮೇಲೆ ಬ್ರಿಟನ್ ಮೊದಲ ಅಂಚೆಚೀಟಿ ತಂದಾಗ ಲೆಕ್ಕ ಇದರ ತಿರುವುಮುರುವು ಆಗಿತ್ತು. ದರ ಇಳಿಸಿ, ದೂರ ಎಷ್ಟೇ ಇದ್ದರೂ ಅರ್ಧ ಔನ್ಸಿಗೆ (ಒಂದು ಔನ್ಸ್ ಅಂದರೆ ಸುಮಾರು 28 ಗ್ರಾಂ) ಒಂದು ಪೆನ್ನಿ ಅಂತ ಮಾಡಿದರೆ ಬರೆಯುವವರು ಹೆಚ್ಚುತ್ತಾರೆ ಎಂಬುದು ಆತನ ವಾದ. ಹೆಚ್ಚಿದರು ಕೂಡ.

ಈಗಿನ ಏರಿಕೆ ವಿಪರೀತ ಅನ್ನಿಸಿದರೆ 1923ರ ಜರ್ಮನಿಯನ್ನು ನೆನೆಸಿಕೊಳ್ಳಬಹುದು. ಹಣದುಬ್ಬರ ಓಡಿದ ವೇಗಕ್ಕೆ ಹೊಸ ಸ್ಟ್ಯಾಂಪು ಅಚ್ಚು ಹಾಕಲು ಪುರುಸೊತ್ತಿರಲಿಲ್ಲ. ಹಳೆಯ ಸ್ಟ್ಯಾಂಪಿನ ಮೇಲೇ ಹೊಸ ಬೆಲೆ ಒತ್ತುತ್ತಿದ್ದರು. ಕೊನೆಗೆ 5,000 ಕೋಟಿ ಮಾರ್ಕ್ ಬೆಲೆಯ ಸ್ಟ್ಯಾಂಪು ಬಂತು. ಸ್ಟ್ಯಾಂಪು ಸಂಗ್ರಹಿಸುವವರ ಆಲ್ಬಮ್ಮುಗಳಲ್ಲಿ ಅವು ಇವತ್ತಿಗೂ ಇವೆ.

ಬೆಲೆ ಬರೆಯದ ಸ್ಟ್ಯಾಂಪು

ಏರುವ ದರದಿಂದ ತಪ್ಪಿಸಿಕೊಳ್ಳಲು ಸುಲಭದ ದಾರಿ ಇದು, ನಿಮ್ಮ ದೇಶದಲ್ಲಿ ಸಿಗುವುದಾದರೆ. ಸ್ಟ್ಯಾಂಪಿನ ಮೇಲೆ ಅಂಕಿ ಇರುವುದಿಲ್ಲ. ಬ್ರಿಟನ್ 1989ರಲ್ಲಿ ಮೊದಲ ದರ್ಜೆ, ಎರಡನೆಯ ದರ್ಜೆ ಅಂತಷ್ಟೇ ಬರೆದ ಸ್ಟ್ಯಾಂಪು ತಂದಿತು. ಕೆನಡಾ 2006ರಲ್ಲಿ 'ಪಿ' ಅಕ್ಷರದ ಸ್ಟ್ಯಾಂಪು ತಂದಿತು. ಅಮೆರಿಕ 2007ರ ಏಪ್ರಿಲ್‌ನಲ್ಲಿ 41 ಸೆಂಟ್‌ಗೆ 'ಫಾರೆವರ್' ಸ್ಟ್ಯಾಂಪು ಮಾರಲು ಶುರು ಮಾಡಿತು. ಅವತ್ತು 41 ಸೆಂಟ್ ಕೊಟ್ಟು ಕೊಂಡದ್ದನ್ನು ಇವತ್ತು ಹಚ್ಚಿದರೂ ಒಂದು ಔನ್ಸಿನ ಕಾಗದ ಹೋಗುತ್ತದೆ.

ಒಂದು ಎಚ್ಚರಿಕೆ. ಬೆಲೆ ಬರೆದಿಲ್ಲ ಅಂದಮಾತ್ರಕ್ಕೆ ಅದು ಸದಾಕಾಲಕ್ಕೆ ನಡೆಯುವ ಸ್ಟ್ಯಾಂಪು ಅಲ್ಲ. ಅಮೆರಿಕದಲ್ಲಿ 1978ರಿಂದ 1998ರವರೆಗೆ ಎ, ಬಿ, ಸಿ ಎಂದು ಎಚ್‌ವರೆಗೆ ಅಕ್ಷರದ ಸ್ಟ್ಯಾಂಪುಗಳು ಬಂದವು. ದರ ಏರುತ್ತದೆ ಅಂತ ಗೊತ್ತಿತ್ತು, ಎಷ್ಟು ಅಂತ ಗೊತ್ತಿರಲಿಲ್ಲ, ಅಷ್ಟರೊಳಗೆ ಅಚ್ಚು ಹಾಕಿಡಬೇಕಿತ್ತು. ಹಾಗಾಗಿ ಅಂಕಿಯ ಬದಲು ಅಕ್ಷರ. ಅವುಗಳ ಬೆಲೆ ಅಂದಿನ ದರಕ್ಕೇ ನಿಂತುಹೋಯಿತು. ಎ ಅಂದರೆ 15 ಸೆಂಟ್, ಎಚ್ ಅಂದರೆ 33 ಸೆಂಟ್, ಇವತ್ತಿಗೂ ಅಷ್ಟೇ. ಹಳೆಯ ಡಬ್ಬಿಯಲ್ಲಿ ಇಂಥದ್ದು ಸಿಕ್ಕರೆ ಫಾರೆವರ್ ಅಂದುಕೊಂಡು ಹಚ್ಚಬೇಡಿ.

ಇನ್ನೊಂದು, ಭಾರದ ಕಾಗದಕ್ಕೆ ಫಾರೆವರ್ ಸ್ಟ್ಯಾಂಪು ಎರಡು ಹಚ್ಚುವುದು ದುಂದು. ಅಮೆರಿಕದಲ್ಲಿ ಮೊದಲ ಔನ್ಸಿಗೆ ಪೂರ್ತಿ ದರ, ಮುಂದಿನ ಔನ್ಸುಗಳಿಗೆ ಅದಕ್ಕಿಂತ ತುಂಬಾ ಕಡಿಮೆ. ಹೆಚ್ಚಿನ ಔನ್ಸಿಗೆಂದೇ ಬೇರೆ ಸ್ಟ್ಯಾಂಪು ಸಿಗುತ್ತದೆ, ಅದನ್ನು ತನ್ನಿ.

ಹಾಗಾದರೆ ಬೆಲೆ ಬರೆಯದ ಸ್ಟ್ಯಾಂಪುಗಳನ್ನು ರಾಶಿ ಹಾಕಿಟ್ಟುಕೊಳ್ಳಬಹುದಾ? ನನ್ನ ಪ್ರಕಾರ ಬೇಡ. 2007ರ 41 ಸೆಂಟ್ 2025ರಲ್ಲಿ 78 ಆಯಿತು ಅಂದರೆ ವರ್ಷಕ್ಕೆ ಸರಾಸರಿ ಶೇಕಡಾ ಮೂರೂವರೆಯಷ್ಟು ಬೆಳೆದ ಹಾಗೆ. ಆದರೆ ಈ ಲಾಭವನ್ನು ಕೈಗೆ ತೆಗೆದುಕೊಳ್ಳಲು ಕಾಗದ ಬರೆಯುವುದೊಂದೇ ದಾರಿ. ಮತ್ತೆ ನಿಯಮವೂ ಬದಲಾಗಬಹುದು. ಬ್ರಿಟನ್ 2022ರಲ್ಲಿ ನಿತ್ಯಬಳಕೆಯ ಸ್ಟ್ಯಾಂಪುಗಳಿಗೆ ಬಾರ್‌ಕೋಡ್ ಸೇರಿಸಿತು. ಬಾರ್‌ಕೋಡ್ ಇಲ್ಲದವು 2023ರ ಜುಲೈ 31ರ ನಂತರ ನಡೆಯಲಿಲ್ಲ. ಅಲ್ಲಿ ಹಳೆಯದನ್ನು ಕೊಟ್ಟು ಹೊಸದು ಪಡೆಯುವ ಏರ್ಪಾಡು ಮಾಡಿದರು ನಿಜ, ಆದರೂ ಅರ್ಜಿ ತುಂಬಿ ಕಳಿಸುವ ಕೆಲಸ ಬಂತಲ್ವಾ? ದರ ಏರುವ ಮುಂಚೆ ಒಂದು ವರ್ಷಕ್ಕೆ ಸಾಕಾಗುವಷ್ಟು ಕೊಂಡರೆ ಅದು ಜಾಣತನ. ಅದಕ್ಕಿಂತ ಜಾಸ್ತಿ ಕೊಂಡರೆ ಸುಮ್ನೆ ಹಣ ಕಟ್ಟಿಹಾಕಿದಂತೆ.

ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಕಟ್ಟುಗಟ್ಟಲೆ ಸಿಗುವ ಹೊಸ ಸ್ಟ್ಯಾಂಪುಗಳ ಹತ್ತಿರ ಹೋಗಬೇಡಿ. ಖೋಟಾ ಸ್ಟ್ಯಾಂಪಿನ ವ್ಯಾಪಾರ ಇರುವುದೇ ಈ ಬೆಲೆ ಬರೆಯದ ಸ್ಟ್ಯಾಂಪುಗಳಲ್ಲಿ.

ಮನೆಯಲ್ಲಿ ಉಳಿದ ಹಳೆಯ ಸ್ಟ್ಯಾಂಪು ಖಾಲಿ ಮಾಡುವುದು

ಅಂಕಿ ಬರೆದ ಸ್ಟ್ಯಾಂಪು ದರ ಏರಿದ ತಕ್ಷಣ ಕಸವಾಗುವುದಿಲ್ಲ. ಅದರ ಮುಖಬೆಲೆ ಹಾಗೇ ಇರುತ್ತದೆ, ಕಡಿಮೆ ಬಿದ್ದದ್ದನ್ನು ಸಣ್ಣ ಸ್ಟ್ಯಾಂಪಿನಿಂದ ತುಂಬಿದರಾಯಿತು. ಅಮೆರಿಕದಲ್ಲಂತೂ 1861ರಿಂದ ಈಚೆಗೆ ಬಂದ ಸ್ಟ್ಯಾಂಪುಗಳು, ಬಳಸದೆ ಉಳಿದಿದ್ದರೆ, ಇನ್ನೂ ನಡೆಯುತ್ತವೆ. ಎಲ್ಲ ಕಡೆ ಇಷ್ಟು ಉದಾರತೆ ಇಲ್ಲ. ಜರ್ಮನಿ ಯೂರೋಗೆ ಬದಲಾದಾಗ ಬರೀ ಫೆನಿಗ್ (ಹಳೆಯ ಜರ್ಮನ್ ಚಿಲ್ಲರೆ ನಾಣ್ಯ) ಬೆಲೆಯ ಸ್ಟ್ಯಾಂಪುಗಳು 2002ರ ಜೂನ್ 30ಕ್ಕೆ ಕೊನೆಗೊಂಡವು. ನಾಣ್ಯ ಬದಲಾದ ದೇಶದ ಹಳೆಯ ಸ್ಟ್ಯಾಂಪು ನಿಮ್ಮ ಬಳಿ ಇದ್ದರೆ ಮೊದಲು ಕೇಳಿ, ಆಮೇಲೆ ಹಚ್ಚಿ.

ಸಣ್ಣ ಸ್ಟ್ಯಾಂಪು ಯಾವುವು ಇಟ್ಟುಕೊಳ್ಳಬೇಕು? ನಾಣ್ಯ ಯಾವುದೇ ಇರಲಿ, 1ರದ್ದು ಒಂದು, 2ರದ್ದು ಎರಡು, 5ರದ್ದು ಒಂದು. ಈ ನಾಲ್ಕರಲ್ಲಿ 1ರಿಂದ 10ರವರೆಗಿನ ಯಾವ ಮೊತ್ತವನ್ನಾದರೂ ಕೂಡಿಸಬಹುದು. ಮೂರು ಬೇಕಾದರೆ 2 ಮತ್ತು 1. ನಾಲ್ಕಕ್ಕೆ ಎರಡು 2. ಎಂಟಕ್ಕೆ 5, 2, 1. ಒಂಬತ್ತಕ್ಕೆ 5 ಮತ್ತು ಎರಡು 2. ತೂಕದ ಬಟ್ಟುಗಳ ಪೆಟ್ಟಿಗೆಯಲ್ಲೂ ಇದೇ ಲೆಕ್ಕ. ಇಂಥ ಗುಂಪು ಹತ್ತಿಪ್ಪತ್ತು ಇಟ್ಟುಕೊಂಡರೆ ಮುಂದಿನ ಏರಿಕೆಗೆ ಹೆದರಬೇಕಿಲ್ಲ. ದೊಡ್ಡ ಬೆಲೆಯವನ್ನು ಬೇಕಾದಾಗ ಕೊಂಡರಾಯಿತು. ಕೌಂಟರ್‌ನಲ್ಲಿ ಬೇಕಾದಾಗ ಸಿಗದೆ ಸತಾಯಿಸುವುದು ಈ ಸಣ್ಣವೇ.

ಹಚ್ಚುವಾಗ ಮೇಲಿನ ಬಲಮೂಲೆಯಿಂದ ಶುರು ಮಾಡಿ ಎಡಕ್ಕೆ ಬನ್ನಿ. ಒಂದರ ಮೇಲೊಂದು ಕೂರಿಸಬೇಡಿ, ಮುಚ್ಚಿಹೋದದ್ದು ಲೆಕ್ಕಕ್ಕೆ ಬರುವುದಿಲ್ಲ. ವಿಳಾಸ ಬರೆಯುವ ಮುಂಚೆಯೇ ಸ್ಟ್ಯಾಂಪುಗಳನ್ನು ಲಕೋಟೆಯ ಮೇಲಿಟ್ಟು ಜಾಗ ನೋಡಿಕೊಳ್ಳಿ. ಹಳೆಯ ಗೋಂದು ಒಣಗಿದ್ದರೆ ಹಿಂದೆ ತೆಳುವಾಗಿ ಗೋಂದು ಸವರಿ. ಮೇಲಿಂದ ಸೆಲ್ಲೋಟೇಪ್ ಬೇಡವೇ ಬೇಡ, ಅದರ ಮೇಲೆ ಸೀಲು ಕೂರುವುದಿಲ್ಲ.

ದರ ಬದಲಾಗುವ ವಾರ

ಲೆಕ್ಕಕ್ಕೆ ಬರುವುದು ನೀವು ಕಾಗದ ಬರೆದ ದಿನ ಅಲ್ಲ, ಅದು ಅಂಚೆಯವರ ಕೈಸೇರಿದ ದಿನ. ಹೊಸ ದರಕ್ಕೆ ಹಿಂದಿನ ದಿನ ಕೊನೆಯ ಟಪ್ಪಾಲು ತೆಗೆದ ಮೇಲೆ ಡಬ್ಬಿಗೆ ಹಾಕಿದರೆ ಅದು ಮರುದಿನದ ಲೆಕ್ಕಕ್ಕೆ ಹೋಗಬಹುದು. ಡಬ್ಬಿಯ ಮೇಲೆ ತೆಗೆಯುವ ಹೊತ್ತು ಬರೆದಿರುತ್ತದೆ. ಅದು ಮೀರಿದ್ದರೆ ಹೊಸ ದರವನ್ನೇ ಹಚ್ಚಿ ನೆಮ್ಮದಿಯಾಗಿರಿ.

ಜನ ಮರೆಯುವುದು ಉತ್ತರದ ಲಕೋಟೆಯನ್ನು. ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆ ಒಳಗಿಟ್ಟು ಕಳಿಸಿರುತ್ತೀರಿ. ಅದು ವಾಪಸ್ ಹೊರಡುವುದು ಒಂದು ತಿಂಗಳ ನಂತರವೋ ಆರು ತಿಂಗಳ ನಂತರವೋ. ಆಗಿನ ದರ ಬೇರೆ. ಬೆಲೆ ಬರೆಯದ ಸ್ಟ್ಯಾಂಪಿಗೆ ನಿಜವಾಗಿ ಜಾಗ ಇರುವುದು ಇಲ್ಲಿ. ಅದು ಸಿಗದ ಕಡೆ ಒಂದು ಸಣ್ಣ ಸ್ಟ್ಯಾಂಪು ಹೆಚ್ಚಿಗೆ ಹಚ್ಚಿಡಿ.

ಹೊರದೇಶಕ್ಕೆ

ಹೊರದೇಶದ ದರ ಒಳನಾಡಿನ ದರದ ಜೊತೆಗೇ ಬದಲಾಗಬೇಕೆಂದಿಲ್ಲ. 1874ರಲ್ಲಿ ಬರ್ನ್ ನಗರದಲ್ಲಿ ಹುಟ್ಟಿದ ವಿಶ್ವ ಅಂಚೆ ಒಕ್ಕೂಟ ದೇಶಗಳ ನಡುವಿನ ಅಂಚೆಗೆ ನಿಯಮ ಮಾಡುತ್ತದೆ. ಒಂದು ದೇಶ ಕಳಿಸಿದ ಅಂಚೆಯನ್ನು ಇನ್ನೊಂದು ದೇಶ ಹಂಚುತ್ತದಲ್ಲ, ಅದಕ್ಕೆ ಕಳಿಸಿದ ದೇಶ ದುಡ್ಡು ಕೊಡಬೇಕು. ಈ ದುಡ್ಡಿನ ಬಗ್ಗೆ ದೊಡ್ಡ ಜಗಳವೇ ಆಯಿತು. ಒಕ್ಕೂಟ ಬಿಡುತ್ತೇನೆ ಅಂತ ಅಮೆರಿಕ ಪಟ್ಟು ಹಿಡಿದು, 2019ರಲ್ಲಿ ಜಿನೀವಾದಲ್ಲಿ ವಿಶೇಷ ಸಭೆ ಸೇರಿ ಒಪ್ಪಂದಕ್ಕೆ ಬಂದರು. ಹೊರದೇಶದ ಸಣ್ಣ ಪೊಟ್ಟಣಗಳ ದರ ಏರುವುದಕ್ಕೆ ಈ ಹಿನ್ನೆಲೆಯೂ ಇದೆ. ಇನ್ನು 2025ರ ಆಗಸ್ಟ್‌ನಲ್ಲಿ ಅಮೆರಿಕ ಸುಂಕದ ನಿಯಮ ಬದಲಿಸಿದಾಗ ಹಲವು ದೇಶಗಳ ಅಂಚೆ ಅಲ್ಲಿಗೆ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ಕೆಲವು ಕಾಲ ನಿಲ್ಲಿಸಿತು. ಹಾಗಾಗಿ ಹೊರದೇಶಕ್ಕೆ ಕಳಿಸುವಾಗ ದರಪಟ್ಟಿಯ ಜೊತೆಗೆ ಸೇವೆಯ ಸೂಚನೆಗಳನ್ನೂ ಓದಿ.

ಹೊರದೇಶದವರಿಂದ ಉತ್ತರ ಬೇಕಿದ್ದರೆ ನಿಮ್ಮ ಸ್ಟ್ಯಾಂಪು ಅಲ್ಲಿ ನಡೆಯುವುದಿಲ್ಲ. ಅದಕ್ಕೆಂದೇ 1906ರ ರೋಮ್ ಸಭೆಯಲ್ಲಿ ಅಂತರರಾಷ್ಟ್ರೀಯ ಉತ್ತರ ಕೂಪನ್ ಎಂಬುದನ್ನು ತಂದರು. ಅದನ್ನು ಅಲ್ಲಿನ ಅಂಚೆಯಲ್ಲಿ ಕೊಟ್ಟು ಸ್ಟ್ಯಾಂಪು ಪಡೆಯಬಹುದು. ಈಗ ಬ್ರಿಟನ್, ಅಮೆರಿಕ ಇದನ್ನು ಮಾರುವುದು ಬಿಟ್ಟಿವೆ. ಸಿಕ್ಕರೆ ಅದರ ಮೇಲೆ ಅಚ್ಚಾದ ಕೊನೆಯ ದಿನಾಂಕ ನೋಡಿ ಕಳಿಸಿ. 1920ರಲ್ಲಿ ಬಾಸ್ಟನ್‌ನ ಚಾರ್ಲ್ಸ್ ಪೊಂಜಿ ಎಂಬಾತ ಜನರಿಗೆ ಟೋಪಿ ಹಾಕಿದ್ದು ಈ ಕೂಪನ್ನಿನ ಹೆಸರಿನಲ್ಲೇ. ಯುದ್ಧದ ನಂತರ ಹಣದ ಬೆಲೆ ಕುಸಿದ ದೇಶದಲ್ಲಿ ಕೂಪನ್ ಅಗ್ಗಕ್ಕೆ ಕೊಂಡು ಅಮೆರಿಕದಲ್ಲಿ ಬದಲಿಸಿದರೆ ಲಾಭ ಅಂತ ಹೇಳಿ ಹಣ ಎತ್ತಿದ. ಅವನು ಎತ್ತಿದ ಹಣಕ್ಕೆ ಬೇಕಾದಷ್ಟು ಕೂಪನ್ ಲೋಕದಲ್ಲೇ ಇರಲಿಲ್ಲ. ಹೊಸಬರ ದುಡ್ಡನ್ನು ಹಳಬರಿಗೆ ಕೊಡುತ್ತಿದ್ದ, ಅಷ್ಟೇ.

ಕಡಿಮೆ ಬಿದ್ದರೆ ಏನಾಗುತ್ತದೆ

ಹಿಂದೆ ಸ್ಟ್ಯಾಂಪು ಕಡಿಮೆ ಬಿದ್ದ ಕಾಗದಕ್ಕೆ ಬೇರಿಂಗ್ ಅನ್ನುತ್ತಿದ್ದರು. ಬಾಕಿ ಹಣವನ್ನು, ಎಷ್ಟೋ ಕಡೆ ಅದರ ಎರಡರಷ್ಟನ್ನು, ಕಾಗದ ಪಡೆಯುವವರು ಕಟ್ಟಬೇಕು. ಕಟ್ಟಲು ಒಪ್ಪದಿದ್ದರೆ ಅದು ಕಳಿಸಿದವರಿಗೇ ವಾಪಸ್. ನಿಮ್ಮ ವಿಳಾಸ ಹೊರಗೆ ಇಲ್ಲದಿದ್ದರೆ ಅದೂ ಇಲ್ಲ. ಹೊರದೇಶದಿಂದ ಬಂದ ಕಾಗದಕ್ಕೆ 'ಟಿ' ಅಂತ ಸೀಲು ಬಿದ್ದಿದ್ದರೆ ಬಾಕಿ ಇದೆ ಅಂತ ತಿಳಿಯಿರಿ. ಅರ್ಜಿ, ಕೋರ್ಟಿನ ಕಾಗದ, ಪರೀಕ್ಷೆಯ ಫಾರಂ ಇಂಥವನ್ನು ಪಡೆಯುವ ಕಚೇರಿಗಳು ಬಾಕಿ ಕಟ್ಟಿ ಬಿಡಿಸಿಕೊಳ್ಳುತ್ತವೆ ಅಂತ ನಂಬಬೇಡಿ. ಅವನ್ನು ಡಬ್ಬಿಗೆ ಹಾಕದೆ ಕೌಂಟರ್‌ನಲ್ಲೇ ತೂಗಿಸಿ ಕೊಟ್ಟು ರಸೀದಿ ತೆಗೆದುಕೊಳ್ಳಿ.

ಕೌಂಟರ್‌ಗೆ ಹೋಗುವ ಮುಂಚೆ ನೀವು ಕೇಳಲಿರುವ ಸೇವೆ ಇನ್ನೂ ಇದೆಯಾ ಅಂತಲೂ ನೋಡಿಕೊಳ್ಳಿ. ಭಾರತದಲ್ಲಿ 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಬೇರೆ ಸೇವೆಯಾಗಿ ಉಳಿದಿಲ್ಲ, ಸ್ಪೀಡ್ ಪೋಸ್ಟ್‌ನೊಳಗೆ ಸೇರಿಹೋಯಿತು. ರಿಜಿಸ್ಟರ್ ಮಾಡಿಸಬೇಕು ಅನ್ನುವವರು ಈಗ ಸ್ಪೀಡ್ ಪೋಸ್ಟ್ ದರದ ಮೇಲೆ ಅದಕ್ಕೆಂದು ಹೆಚ್ಚುವರಿ ಕಟ್ಟಬೇಕು. ಡೆನ್ಮಾರ್ಕ್‌ನಲ್ಲಿ ಅಂಚೆ ಸಂಸ್ಥೆ ಪೋಸ್ಟ್‌ನಾರ್ಡ್ 2025ರ ಕೊನೆಗೆ ಕಾಗದ ಹಂಚುವುದನ್ನೇ ನಿಲ್ಲಿಸಿತು. ಅಲ್ಲಿಗೆ ಹೋಗುವಾಗ ಹಳೆಯ ದರಪಟ್ಟಿಯನ್ನೂ ಉಳಿದ ಸ್ಟ್ಯಾಂಪನ್ನೂ ನೆಚ್ಚಿಕೊಳ್ಳಬೇಡಿ. ಈಗ ಕಾಗದ ಹಂಚುತ್ತಿರುವುದು ಯಾರು, ಅವರ ದರ ಎಷ್ಟು ಅಂತ ಹೊಸದಾಗಿ ಕೇಳಿಕೊಳ್ಳಿ.